ಗ್ಯಾರೇಜ್ ಬಾಗಿಲಿಗೆ ಹೋಮ್ ಆಟೊಮೇಷನ್: ಮೊದಲು ಸೆನ್ಸರ್, ಆಮೇಲೆ ರಿಲೇ

ಬಾಗಿಲನ್ನು ಮೋಟಾರ್‌ನಿಂದ ಎಳೆಯುವ ಗ್ಯಾರೇಜ್ ಓಪನರ್‌ಗೆ ಗೋಡೆಯ ಮೇಲೊಂದು ಬಟನ್ ಇರುತ್ತದಲ್ಲ, ಅದಕ್ಕೆ ‘ತೆರೆ’ ಎಂದಾಗಲಿ ‘ಮುಚ್ಚು’ ಎಂದಾಗಲಿ ಹೇಳಲು ಬರುವುದಿಲ್ಲ. ಅದಕ್ಕೆ ಗೊತ್ತಿರುವುದು ಒಂದೇ ಮಾತು: ಮುಂದಿನ ಕೆಲಸ ಮಾಡು. ಬಾಗಿಲು ಮುಚ್ಚಿದ್ದರೆ ತೆರೆಯಲು ಶುರುವಾಗುತ್ತದೆ. ತೆರೆಯುತ್ತಿರುವಾಗ ಒತ್ತಿದರೆ ನಿಲ್ಲುತ್ತದೆ. ಮತ್ತೆ ಒತ್ತಿದರೆ ಕೆಳಗಿಳಿಯುತ್ತದೆ. ಎದುರಿಗೆ ನಿಂತು ಒತ್ತುವವರಿಗೆ ಇದರಿಂದ ಏನೂ ತೊಂದರೆಯಿಲ್ಲ, ಬಾಗಿಲು ಕಣ್ಣಿಗೆ ಕಾಣುತ್ತಲೇ ಇರುತ್ತದೆ. ದೂರದಲ್ಲಿ ಕೂತು ಫೋನಿನಲ್ಲಿ ‘ಮುಚ್ಚು’ ಒತ್ತಿದಾಗಲೇ ಪೇಚಾಟ. ಬಾಗಿಲು ಮೊದಲೇ ಮುಚ್ಚಿದ್ದರೆ ಅದು ಆರಾಮಾಗಿ ತೆರೆದುಕೊಳ್ಳುತ್ತದೆ. ನೀವು ಮಾತ್ರ ಮುಚ್ಚಿದೆ ಎಂದುಕೊಂಡು ನಿದ್ದೆ ಮಾಡುತ್ತೀರಿ.

ಗ್ಯಾರೇಜ್ ಬಾಗಿಲನ್ನು ಸ್ಮಾರ್ಟ್ ಮಾಡುವುದು ಎಂದರೆ ಒಂದು ರಿಲೇ (ಫೋನಿನ ಆಜ್ಞೆಗೆ ಬಟನ್ ಒತ್ತಿದಂತೆ ಕೂಡಿಕೊಳ್ಳುವ ಸ್ವಿಚ್) ಹಾಕುವುದು ಎಂದು ಜಾಸ್ತಿ ಜನ ತಿಳಿದಿರುತ್ತಾರೆ. ರಿಲೇ ಹಾಕುವುದು ಹತ್ತು ನಿಮಿಷದ ಕೆಲಸ. ಬಾಗಿಲು ಈಗ ಯಾವ ಸ್ಥಿತಿಯಲ್ಲಿದೆ ಎಂದು ಸುಳ್ಳು ಹೇಳದೆ ತಿಳಿಸುವ ಸೆನ್ಸರ್ ಕೂರಿಸುವುದೇ ನಿಜವಾದ ಕೆಲಸ. ಅದಕ್ಕೇ ಈ ಮಾರ್ಗದರ್ಶಿಯಲ್ಲಿ ರಿಲೇ ತಡವಾಗಿ ಬರುತ್ತದೆ. ಬರೀ ಸೆನ್ಸರ್ ಹಾಕಿ ಅಲ್ಲಿಗೇ ನಿಲ್ಲಿಸಿದರೂ ಅರ್ಧಕ್ಕಿಂತ ಜಾಸ್ತಿ ಪ್ರಯೋಜನ ಸಿಕ್ಕಿಬಿಡುತ್ತದೆ.

ಹಂತ 1: ಬಾಗಿಲು ಆರೋಗ್ಯವಾಗಿದೆಯೇ ನೋಡಿ

ಈ ಬಾಗಿಲು ಮನೆಯಲ್ಲಿ ತಾನಾಗಿ ಚಲಿಸುವ ಅತಿ ಭಾರದ ವಸ್ತು. ಇನ್ನು ಮುಂದೆ ಯಾರೂ ಎದುರಿಗಿಲ್ಲದಾಗಲೂ ಅದು ಓಡಾಡುತ್ತದೆ. ಹಾಗಾಗಿ ವೈರ್ ಮುಟ್ಟುವ ಮೊದಲು ಮೂರು ಪರೀಕ್ಷೆ ಮಾಡಿ.

ಬಾಗಿಲು ಪೂರ್ತಿ ಮುಚ್ಚಿರುವಾಗ ಓಪನರ್‌ನಿಂದ ನೇತಾಡುವ ಕೆಂಪು ಹಿಡಿಕೆಯ ಹಗ್ಗ ಎಳೆಯಿರಿ. ಮೋಟಾರ್‌ನಿಂದ ಬಾಗಿಲು ಬಿಡುಗಡೆಯಾಗುತ್ತದೆ. ಈಗ ಕೈಯಲ್ಲೇ ಎತ್ತಿ ಸೊಂಟದ ಮಟ್ಟಕ್ಕೆ ತಂದು, ಹುಷಾರಾಗಿ ಹಿಡಿತ ಸಡಿಲಿಸಿ. ಬಾಗಿಲು ಅಲ್ಲೇ ನಿಂತರೆ ಸ್ಪ್ರಿಂಗ್ ಸರಿಯಾಗಿದೆ. ದಡಕ್ಕನೆ ಕೆಳಗೆ ಬಂದರೆ ಅಥವಾ ತಾನಾಗಿ ಮೇಲೆ ಹೋದರೆ ಸಮತೋಲನ ಕೆಟ್ಟಿದೆ. ಸ್ಪ್ರಿಂಗ್‌ಗೆ ನೀವೇ ಕೈ ಹಾಕಬೇಡಿ. ಬಿಗಿಯಾಗಿ ತಿರುಚಿಟ್ಟ ಸ್ಪ್ರಿಂಗ್ ಜಾರಿದರೆ ಕೈ ಮುರಿಯುವಷ್ಟು ಬಲ ಅದರಲ್ಲಿರುತ್ತದೆ. ಅದು ಬಾಗಿಲು ರಿಪೇರಿಯವರ ಕೆಲಸ.

ಎರಡನೆಯದು ಫೋಟೊ ಐ. ಬಾಗಿಲಿನ ಎರಡೂ ಬದಿಯಲ್ಲಿ ನೆಲದ ಹತ್ತಿರ ಎದುರುಬದುರು ನೋಡುವ ಚಿಕ್ಕ ಕಣ್ಣುಗಳು ಇವು. ಅಮೆರಿಕದಲ್ಲಿ ಮನೆಯ ಗ್ಯಾರೇಜ್ ಓಪನರ್‌ಗಳಿಗೆ ಈ ಕಣ್ಣು ಅಥವಾ ಅದಕ್ಕೆ ಸಮನಾದ ರಕ್ಷಣೆ ಇರಲೇಬೇಕೆಂಬ ನಿಯಮ 1993ರಿಂದ ಇದೆ. ನೆಲದಿಂದ 6 ಇಂಚಿಗಿಂತ ಎತ್ತರದಲ್ಲಿ ಅವು ಇರಬಾರದು, ಮಗುವೊಂದು ತೆವಳಿಕೊಂಡು ಬಂದರೂ ಸಿಗಬೇಕಲ್ಲ. ಬಾಗಿಲನ್ನು ಮತ್ತೆ ಮೋಟಾರ್‌ಗೆ ಸಿಕ್ಕಿಸಿ, ಅದು ಇಳಿಯುತ್ತಿರುವಾಗ ಪೊರಕೆಯ ಹಿಡಿಕೆಯನ್ನು ಅಡ್ಡ ಹಿಡಿಯಿರಿ. ಬಾಗಿಲು ತಕ್ಷಣ ವಾಪಸ್ ಮೇಲೆ ಹೋಗಬೇಕು.

ಮೂರನೆಯದಕ್ಕೆ ಒಂದೂವರೆ ಇಂಚು ದಪ್ಪದ ಮರದ ತುಂಡು ಬೇಕು. ಅದನ್ನು ಬಾಗಿಲಿನ ನಡುಭಾಗದ ಕೆಳಗೆ ನೆಲದ ಮೇಲೆ ಮಲಗಿಸಿ ಬಾಗಿಲು ಮುಚ್ಚಿ. ಮರಕ್ಕೆ ತಗುಲಿದ 2 ಸೆಕೆಂಡಿನೊಳಗೆ ಬಾಗಿಲು ಹಿಂತಿರುಗಬೇಕು. ಮರವನ್ನು ಒತ್ತಿಕೊಂಡು ಕೂತರೆ ಓಪನರ್‌ನ ಒತ್ತಡದ ಹೊಂದಾಣಿಕೆ ತಪ್ಪಿದೆ. ಈ ಮೂರರಲ್ಲಿ ಒಂದು ಕೈಕೊಟ್ಟರೂ ಆಟೊಮೇಷನ್ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ, ಮೊದಲು ಬಾಗಿಲು ರಿಪೇರಿ ಮಾಡಿಸಿ. ಫೋಟೊ ಐ ಇಲ್ಲದ ಹಳೇ ಓಪನರ್ ಇದ್ದರೆ ದೂರದಿಂದ ಮುಚ್ಚುವ ಆಸೆ ಬಿಟ್ಟು ಬರೀ ಸೆನ್ಸರ್‌ನಲ್ಲಿ ತೃಪ್ತಿಪಡುವುದು ಜಾಣತನ.

ಹಂತ 2: ನಿಮ್ಮ ಓಪನರ್ ಯಾವ ಭಾಷೆ ಮಾತಾಡುತ್ತದೆ?

ಏಣಿ ಹತ್ತಿ ಮೋಟಾರ್ ಡಬ್ಬದ ಹಿಂಭಾಗ ನೋಡಿ. ಗೋಡೆಯ ಬಟನ್‌ನಿಂದ ಬರುವ ಎರಡು ತೆಳು ವೈರ್‌ಗಳು ಎರಡು ಸ್ಕ್ರೂ ಅಥವಾ ಒತ್ತಿ ಸಿಕ್ಕಿಸುವ ಟರ್ಮಿನಲ್‌ಗಳಿಗೆ ಸೇರಿರುತ್ತವೆ. ಫೋಟೊ ಐ ವೈರ್‌ಗಳೂ ಪಕ್ಕದಲ್ಲೇ ಇರುತ್ತವೆ. ಯಾವುದು ಯಾವುದೆಂದು ಗುರುತಿಸಿ, ಫೋಟೊ ತೆಗೆದಿಟ್ಟುಕೊಳ್ಳಿ.

ಹಳೇ ಮತ್ತು ಸರಳ ಓಪನರ್‌ಗಳಲ್ಲಿ ಗೋಡೆಯ ಬಟನ್ ಎಂದರೆ ಸುಮ್ನೆ ಎರಡು ವೈರ್ ಮುಟ್ಟಿಸುವ ಸ್ವಿಚ್. ಇದನ್ನು ಖಚಿತ ಮಾಡಿಕೊಳ್ಳುವುದು ಸುಲಭ. ಒಂದು ಗೇಣುದ್ದದ ವೈರ್ ತಗೊಂಡು ಎರಡೂ ತುದಿಯ ಪ್ಲಾಸ್ಟಿಕ್ ಸುಲಿಯಿರಿ. ಕೆಳಗೆ ಯಾರೂ ಇಲ್ಲವೆಂದು ನೋಡಿಕೊಳ್ಳಿ. ಒಂದು ತುದಿಯನ್ನು ಬಟನ್‌ನ ಒಂದು ಟರ್ಮಿನಲ್‌ಗೆ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಪಕ್ಕದ ಟರ್ಮಿನಲ್‌ಗೆ ಅರ್ಧ ಸೆಕೆಂಡ್ ತಾಗಿಸಿ ತೆಗೆಯಿರಿ. ಡಬ್ಬದೊಳಗೆ ‘ಟಕ್’ ಎಂದು ರಿಲೇ ಸದ್ದಾಗಿ, ದೀಪ ಹತ್ತಿ, ಮೋಟಾರ್ ಎಳೆಯಲು ಶುರುಮಾಡಿದರೆ ನಿಮ್ಮ ಕೆಲಸ ಸಲೀಸು. ಯಾವುದೇ ಡ್ರೈ ಕಾಂಟ್ಯಾಕ್ಟ್ ರಿಲೇ (ತಾನು ಕರೆಂಟ್ ಕೊಡದೆ ಬರೀ ಎರಡು ವೈರ್ ಕೂಡಿಸುವಂಥದ್ದು) ಇದಕ್ಕೆ ಸಾಕು. ಈ ವೈರ್‌ಗಳಲ್ಲಿ ಹರಿಯುವುದು ಕಡಿಮೆ ವೋಲ್ಟೇಜ್. ಆದರೂ ಮುಟ್ಟುವ ಮೊದಲು ಮಲ್ಟಿಮೀಟರ್ (ವೋಲ್ಟೇಜ್ ಅಳೆಯುವ ಮೀಟರ್) ಹಿಡಿದು ಒಮ್ಮೆ ನೋಡುವ ಅಭ್ಯಾಸ ಒಳ್ಳೆಯದು.

ದೀಪ ಮಿನುಗಿ ಸುಮ್ಮನಾದರೆ, ಅಥವಾ ಏನೂ ಆಗದಿದ್ದರೆ, ನಿಮ್ಮದು ಬಹುಶಃ ಹೊಸ ಬಗೆಯ ಓಪನರ್. ಇವುಗಳಲ್ಲಿ ಅದೇ ಎರಡು ವೈರ್ ಮೇಲೆ ಗೋಡೆಯ ಪ್ಯಾನೆಲ್ ಮತ್ತು ಮೋಟಾರ್ ಡಿಜಿಟಲ್ ಸಂದೇಶ ಕಳಿಸಿಕೊಳ್ಳುತ್ತವೆ. ಚೇಂಬರ್ಲಿನ್, ಲಿಫ್ಟ್‌ಮಾಸ್ಟರ್ ಓಪನರ್‌ಗಳಲ್ಲಿ ಇದನ್ನು ಗುರುತಿಸಲು, ಹೊಸ ರಿಮೋಟ್ ಪರಿಚಯಿಸಲು ಒತ್ತುವ ‘ಲರ್ನ್’ ಬಟನ್ ಬಣ್ಣ ನೋಡಬೇಕು. ಹಳದಿ ಇದ್ದರೆ ಸೆಕ್ಯೂರಿಟಿ ಪ್ಲಸ್ 2.0, ಅಂದರೆ 2011ರ ಆಚೆಗಿನ ತಲೆಮಾರು. ಇದಕ್ಕೆ ಸರಳ ರಿಲೇ ಸಾಮಾನ್ಯವಾಗಿ ನಡೆಯುವುದಿಲ್ಲ. ನೇರಳೆ, ಕೆಂಪು ಅಥವಾ ಕಿತ್ತಳೆ, ಹಸಿರು ಬಟನ್‌ಗಳು ಅದಕ್ಕೂ ಹಳೆಯವು. ಅವುಗಳಲ್ಲಿ ವೈರ್ ತಾಗಿಸಿದರೆ ಬಾಗಿಲು ಓಡುತ್ತದೆ.

ಹಳದಿ ಬಟನ್‌ನವರಿಗೆ ಮೂರು ದಾರಿ. ಡ್ರೈ ಕಾಂಟ್ಯಾಕ್ಟ್ ಅನ್ನು ಆ ಡಿಜಿಟಲ್ ಭಾಷೆಗೆ ಬದಲಿಸುವ ಅಡಾಪ್ಟರ್ ಸಿಗುತ್ತದೆ, ಅದನ್ನು ಹಾಕಬಹುದು. ಬೆಸುಗೆ ಹಾಕಲು ಬರುವವರು ಹೆಚ್ಚುವರಿ ರಿಮೋಟ್ ಒಂದನ್ನು ಬಿಚ್ಚಿ, ಅದರ ಬಟನ್‌ನ ಎರಡು ಕಾಲುಗಳಿಗೆ ರಿಲೇ ವೈರ್ ಸೇರಿಸಬಹುದು. ಆಗ ರಿಲೇ ಒತ್ತುವುದು ರಿಮೋಟ್ ಅನ್ನು, ಓಪನರ್ ಯಾವ ತಲೆಮಾರಿನದಾದರೂ ಸರಿಯೇ. ಬ್ಯಾಟರಿ ಬದಲಿಸುವ ರಗಳೆ ಮಾತ್ರ ಉಳಿಯುತ್ತದೆ. ಮೂರನೆಯದು ನನಗೆ ಇಷ್ಟವಾದದ್ದು: ರ್‍ಯಾಟ್‌ಗಿಡೊ ಎಂಬ ಚಿಕ್ಕ ಬೋರ್ಡ್. ಇದು ಈ ವೈರ್‌ಗಳ ಭಾಷೆಯನ್ನೇ ಮಾತಾಡುತ್ತದೆ. ಬಾಗಿಲು ಎಲ್ಲಿದೆ, ದೀಪ ಹತ್ತಿದೆಯೇ, ಫೋಟೊ ಐಗೆ ಏನಾದರೂ ಅಡ್ಡ ಇದೆಯೇ, ಇದೆಲ್ಲವನ್ನೂ ಓಪನರ್‌ನಿಂದಲೇ ಕೇಳಿ ತಿಳಿಸುತ್ತದೆ. ಬೇರೆ ಸೆನ್ಸರ್ ಬೇಕಾಗುವುದಿಲ್ಲ.

ರೋಲಿಂಗ್ ಶಟರ್ ಇರುವವರಿಗೆ ಒಂದು ಎಚ್ಚರಿಕೆ. ಶಟರ್‌ನ ಕೊಳವೆ ಮೋಟಾರ್‌ಗೆ ‘ಮೇಲೆ’ ಒಂದು ವೈರ್, ‘ಕೆಳಗೆ’ ಒಂದು ವೈರ್ ಇರುತ್ತದೆ, ಎರಡರಲ್ಲೂ ಬರುವುದು ಮನೆಯ ಮೇನ್ಸ್ ಕರೆಂಟ್. ಎರಡಕ್ಕೂ ಒಟ್ಟಿಗೆ ಕರೆಂಟ್ ಹೋದರೆ ಮೋಟಾರ್ ಹಾಳಾಗುತ್ತದೆ. ಅದಕ್ಕೆ ಶಟರ್‌ಗೆಂದೇ ಮಾಡಿದ, ಒಂದು ಕಡೆ ಆನ್ ಇದ್ದಾಗ ಇನ್ನೊಂದನ್ನು ತಡೆಯುವ ಮಾಡ್ಯೂಲ್ ಬೇಕು. ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ. ಈ ಬರಹದ ಮುಂದಿನ ವೈರಿಂಗ್ ಭಾಗ ಅದಕ್ಕೆ ಹೊಂದುವುದಿಲ್ಲ.

ಹಂತ 3: ಯಾವ ಸಾಧನ ಕೊಳ್ಳಬೇಕು?

ಕಂಪನಿಯದೇ ಆ್ಯಪ್ ಇದೆಯಲ್ಲ, ಅದು ಸಾಲದೇ ಎನ್ನಬಹುದು. ಫೋನಿನಲ್ಲಿ ನೋಡಿ ಮುಚ್ಚಿದರೆ ಸಾಕು ಅನ್ನುವವರಿಗೆ ಖಂಡಿತ ಸಾಕು. ಆದರೆ ಮನೆಯ ಉಳಿದ ದೀಪ, ಅಲಾರಂ, ಕ್ಯಾಮೆರಾಗಳ ಜೊತೆ ಬಾಗಿಲೂ ಸೇರಿ ಕೆಲಸ ಮಾಡಬೇಕೆಂದರೆ ಆ ದಾರಿ ಯಾವಾಗ ಬೇಕಾದರೂ ಮುಚ್ಚಬಹುದು. 2023ರ ಅಕ್ಟೋಬರ್‌ನಲ್ಲಿ ಚೇಂಬರ್ಲಿನ್ ಫೋನಿನಿಂದ ಬಾಗಿಲು ನಡೆಸುವ ತನ್ನ ಮೈಕ್ಯೂ ಸೇವೆಗೆ ಹೊರಗಿನ, ಅನುಮತಿಯಿಲ್ಲದ ಆ್ಯಪ್‌ಗಳು ಬರದಂತೆ ತಡೆಯಿತು. ಅದೇ ವರ್ಷ ಡಿಸೆಂಬರ್‌ನ ಆವೃತ್ತಿಯಲ್ಲಿ ಹೋಮ್ ಅಸಿಸ್ಟೆಂಟ್ (ಮನೆಯ ಸ್ಮಾರ್ಟ್ ಸಾಧನಗಳನ್ನು ಒಟ್ಟಿಗೆ ನಡೆಸುವ ಸಾಫ್ಟ್‌ವೇರ್) ಆ ಜೋಡಣೆಯನ್ನೇ ತೆಗೆದುಹಾಕಿತು. ಬಾಗಿಲು, ಮೋಟಾರ್, ವೈಫೈ ಎಲ್ಲವೂ ಸರಿಯಾಗಿಯೇ ಇದ್ದವು. ಎಲ್ಲೋ ಇರುವ ಸರ್ವರ್ ‘ಇಲ್ಲ’ ಎಂದಿತು, ಅಷ್ಟೆ. ಹಾಗಾಗಿ ಇಂಟರ್ನೆಟ್ ಹೋದಾಗಲೂ ಮನೆಯೊಳಗೇ ಕೆಲಸ ಮಾಡುವ ಸಾಧನವನ್ನೇ ಆರಿಸಿ ಎನ್ನುವುದು ನನ್ನ ಪಟ್ಟು.

ಕೊಳ್ಳುವುದರಲ್ಲಿ ಮೂರು ಬಗೆ. ಝಡ್-ವೇವ್ (ಸ್ಮಾರ್ಟ್ ಸಾಧನಗಳ ಒಂದು ರೇಡಿಯೊ ಭಾಷೆ) ಹಬ್, ಅಂದರೆ ಆ ಸಾಧನಗಳನ್ನು ಜೋಡಿಸುವ ಕೇಂದ್ರ ಡಬ್ಬ, ಇರುವವರಿಗೆ ಗ್ಯಾರೇಜ್‌ಗೆಂದೇ ಮಾಡಿದ ಕಂಟ್ರೋಲರ್‌ಗಳು ಸಿಗುತ್ತವೆ. ಓರೆ ಸೆನ್ಸರ್ (ಬಾಗಿಲು ನೆಟ್ಟಗಿದೆಯೋ ಓರೆಯಾಗಿದೆಯೋ ತಿಳಿಸುವಂಥದ್ದು) ಮತ್ತು ಎಚ್ಚರಿಕೆ ಸದ್ದು ಜೊತೆಯಲ್ಲೇ ಬರುತ್ತವೆ. ಹೆಚ್ಚು ತಲೆಕೆಡಿಸಿಕೊಳ್ಳದವರಿಗೆ ಇದು ಸರಿ. ಎರಡನೆಯದು ಶೆಲ್ಲಿ 1ರಂಥ ವೈಫೈ ರಿಲೇ. ಮೂರನೆಯದು ಇಎಸ್‌ಪಿ32 ಅಥವಾ ಇಎಸ್‌ಪಿ8266 ಎಂಬ ಚಿಕ್ಕ ವೈಫೈ ಬೋರ್ಡ್ ಜೊತೆ ರಿಲೇ ಮಾಡ್ಯೂಲ್, ಅದರೊಳಗೆ ಇಎಸ್‌ಪಿಹೋಮ್ ಸಾಫ್ಟ್‌ವೇರ್. ಕೈಯಲ್ಲಿ ಮಾಡಿ ಕಲಿಯುವವರಿಗೆ ಇದರಷ್ಟು ಸ್ವಾತಂತ್ರ್ಯ ಬೇರೆಯದರಲ್ಲಿಲ್ಲ.

ರಿಮೋಟ್‌ನ ಸಿಗ್ನಲ್ ನಕಲು ಮಾಡುವ ರೇಡಿಯೊ ಬ್ರಿಡ್ಜ್ ತಗೊಂಡರೆ ಆಗಲ್ವಾ ಎಂಬ ಪ್ರಶ್ನೆ ಪದೇ ಪದೇ ಬರುತ್ತದೆ. ಆಗುವುದಿಲ್ಲ. ಈಗಿನ ರಿಮೋಟ್‌ಗಳು ಪ್ರತಿ ಒತ್ತಿಗೂ ಹೊಸ ಕೋಡ್ ಕಳಿಸುತ್ತವೆ. ನಿನ್ನೆ ಹಿಡಿದಿಟ್ಟದ್ದನ್ನು ಇವತ್ತು ಕಳಿಸಿದರೆ ಓಪನರ್ ಕಿವಿಗೊಡುವುದಿಲ್ಲ. ಒಂದು ವೇಳೆ ನಿಮ್ಮ ಬಾಗಿಲು ಹಾಗೆ ತೆರೆದುಕೊಂಡರೆ ಖುಷಿಪಡಬೇಡಿ, ಓಪನರ್ ಬದಲಿಸುವ ಬಗ್ಗೆ ಯೋಚಿಸಿ. 2015ರಲ್ಲಿ ಭದ್ರತಾ ಸಂಶೋಧಕ ಸ್ಯಾಮಿ ಕಾಮ್ಕರ್ ಇಂಥ ಸ್ಥಿರ ಕೋಡ್‌ನ ಬಾಗಿಲುಗಳನ್ನು ಮಕ್ಕಳ ಆಟಿಕೆಯೊಂದನ್ನು ಮಾರ್ಪಡಿಸಿ 10 ಸೆಕೆಂಡಿನೊಳಗೆ ತೆರೆಯಬಹುದೆಂದು ತೋರಿಸಿದರು.

ಹಂತ 4: ಸೆನ್ಸರ್ ಕೂರಿಸುವುದು

ಮೊದಲ ಆಯ್ಕೆ ರೀಡ್ ಸ್ವಿಚ್. ಗಾಜಿನ ಕೊಳವೆಯೊಳಗೆ ಎರಡು ತೆಳು ಲೋಹದ ಎಲೆಗಳು. ಅಯಸ್ಕಾಂತ ಹತ್ತಿರ ಬಂದರೆ ಅವು ಕೂಡಿಕೊಳ್ಳುತ್ತವೆ, ದೂರ ಹೋದರೆ ಬಿಡುತ್ತವೆ. ಕಿಟಕಿಗೆ ಹಾಕುವ ಚಿಕ್ಕ ಬಿಳಿ ಸೆನ್ಸರ್ ಬೇಡ. ಗ್ಯಾರೇಜ್ ಬಾಗಿಲು ಗಾಳಿಗೆ ಅಲ್ಲಾಡುತ್ತದೆ, ಅದರ ಹಾಳೆ ಉಕ್ಕಿನದಾದರೆ ಅಯಸ್ಕಾಂತದ ಬಲವನ್ನೂ ಕುಗ್ಗಿಸುತ್ತದೆ. ಕೆಲವು ಸೆಂಟಿಮೀಟರ್ ಅಂತರದಲ್ಲೂ ಕೆಲಸ ಮಾಡುವ, ಲೋಹದ ಕವಚದ, ಉಕ್ಕಿನ ಹೆಣಿಗೆ ಹೊದಿಸಿದ ವೈರ್ ಇರುವ ದೊಡ್ಡ ಸೆನ್ಸರ್ ಕೇಳಿ ತಗೊಳ್ಳಿ. ಶಟರ್ ಅಂಗಡಿಗಳ ಅಲಾರಂಗೆ ಹಾಕುವುದು ಇದನ್ನೇ.

ಸ್ವಿಚ್ ಅನ್ನು ಹಳಿಯ ಪಕ್ಕದ ಗೋಡೆಗೆ, ಅಯಸ್ಕಾಂತವನ್ನು ಬಾಗಿಲಿನ ಮೇಲಿನ ಹಲಗೆಯ ಅಂಚಿಗೆ ಹಾಕಿ. ನೆಲದ ಹತ್ತಿರ ಹಾಕಿದರೆ ನೀರು, ಕೆಸರು, ಕಾರಿನ ಟೈರು ಎಲ್ಲದರ ಕಾಟ. ಸ್ಕ್ರೂ ಬಿಗಿಯುವ ಮೊದಲು ಟೇಪ್‌ನಲ್ಲಿ ಅಂಟಿಸಿ ಪರೀಕ್ಷೆ ಮಾಡಿ. ಮಲ್ಟಿಮೀಟರ್ ಅನ್ನು ‘ಬೀಪ್’ ಮೋಡ್‌ಗೆ ತಿರುಗಿಸಿ ಎರಡು ವೈರ್‌ಗೆ ಸಿಕ್ಕಿಸಿ. ಬಾಗಿಲು ಮುಚ್ಚಿದಾಗ ಬೀಪ್ ಬರಬೇಕು. ಈಗ ಬಾಗಿಲನ್ನು ಅಂಗೈಯಿಂದ ಒಳಕ್ಕೆ ಹೊರಕ್ಕೆ ತಳ್ಳಿ ಅಲ್ಲಾಡಿಸಿ. ಬೀಪ್ ತುಂಡಾಗದೆ ಬರುತ್ತಲೇ ಇರಬೇಕು. ತುಂಡಾದರೆ ಅಂತರ ಕಡಿಮೆ ಮಾಡಿ. ಇಲ್ಲದಿದ್ದರೆ ಮಳೆಗಾಳಿಯ ರಾತ್ರಿ ‘ಬಾಗಿಲು ತೆರೆದಿದೆ’ ಎಂದು ಫೋನ್ ಬಡಿದುಕೊಳ್ಳುತ್ತಲೇ ಇರುತ್ತದೆ, ನೀವು ಆ ಎಚ್ಚರಿಕೆಯನ್ನೇ ಆಫ್ ಮಾಡಿಬಿಡುತ್ತೀರಿ.

ಬಾಗಿಲು ಮುಚ್ಚಿದಾಗ ಸರ್ಕ್ಯೂಟ್ ಕೂಡಿರಬೇಕು ಎಂದದ್ದಕ್ಕೆ ಕಾರಣವಿದೆ. ಇಲಿ ವೈರ್ ಕಡಿದರೂ, ಸ್ಕ್ರೂ ಸಡಿಲವಾದರೂ ಸರ್ಕ್ಯೂಟ್ ತುಂಡಾಗಿ ‘ತೆರೆದಿದೆ’ ಎಂದೇ ತೋರಿಸುತ್ತದೆ. ಆಗ ನೀವು ಎದ್ದು ಹೋಗಿ ನೋಡುತ್ತೀರಿ. ಉಲ್ಟಾ ಮಾಡಿದರೆ ವೈರ್ ಕಡಿದ ದಿನದಿಂದ ಬಾಗಿಲು ಸದಾ ‘ಮುಚ್ಚಿದೆ’.

ಬಾಗಿಲು ಪೂರ್ತಿ ತೆರೆದಾಗ ನಿಲ್ಲುವ ಜಾಗದಲ್ಲಿ ಎರಡನೇ ರೀಡ್ ಸ್ವಿಚ್ ಹಾಕಿದರೆ ಇನ್ನೂ ಒಳ್ಳೆಯದು. ಎರಡೂ ‘ಇಲ್ಲ’ ಎಂದರೆ ಬಾಗಿಲು ನಡುವೆ ಎಲ್ಲೋ ಇದೆ ಎಂದು ತಿಳಿಯುತ್ತದೆ. ಬೆಕ್ಕು ಓಡಾಡಲೆಂದು ಒಂದಡಿ ತೆರೆದಿಡುವ ಮನೆಗಳಲ್ಲಿ ಇದು ಬೇಕೇ ಬೇಕು.

ವೈರ್ ಎಳೆಯಲು ಆಗದಿದ್ದರೆ ಬ್ಯಾಟರಿಯ ಓರೆ ಸೆನ್ಸರ್ ಬಳಸಿ. ಹಲಗೆ ಹಲಗೆ ಸೇರಿ ಮಡಚುವ ಬಾಗಿಲಿನಲ್ಲಿ ಅದನ್ನು ಮೇಲಿನ ಹಲಗೆಗೇ ಹಾಕಬೇಕು. ಬಾಗಿಲು ಏಳುವಾಗ ಮೊದಲು ಓರೆಯಾಗುವುದು ಅದೇ. ಕೆಳಗಿನ ಹಲಗೆಗೆ ಹಾಕಿದರೆ ಬಾಗಿಲು ಬಹುಪಾಲು ತೆರೆದ ಮೇಲೆ ಸುದ್ದಿ ಬರುತ್ತದೆ.

ಸೆನ್ಸರ್ ಕೂರಿಸಿ, ಹೋಮ್ ಅಸಿಸ್ಟೆಂಟ್‌ಗೋ ನಿಮ್ಮ ಹಬ್‌ಗೋ ಸೇರಿಸಿ, ಒಂದು ವಾರ ಸುಮ್ನೆ ಹಾಗೇ ಬಿಡಿ. ದಿನದ ದಾಖಲೆ ತೆಗೆದು ನೋಡಿ. ನೀವು ತೆರೆದ ಮುಚ್ಚಿದ ಹೊತ್ತಿಗೂ ಅದರ ಲೆಕ್ಕಕ್ಕೂ ಹೊಂದಿದರೆ ಮಾತ್ರ ಮುಂದಿನ ಹಂತಕ್ಕೆ ಹೋಗಿ.

ಹಂತ 5: ರಿಲೇ ಜೋಡಿಸುವುದು

ಡ್ರೈ ಕಾಂಟ್ಯಾಕ್ಟ್ ಎಂದರೆ ರಿಲೇ ತಾನಾಗಿ ಯಾವ ವೋಲ್ಟೇಜ್ ಅನ್ನೂ ಹೊರಗೆ ಕಳಿಸದೆ ಬರೀ ಎರಡು ವೈರ್ ಕೂಡಿಸಬೇಕು. ಇಲ್ಲಿ ತಪ್ಪಿದರೆ ಓಪನರ್‌ನ ಬೋರ್ಡ್ ಸುಡುತ್ತದೆ. ಶೆಲ್ಲಿ 1ರಲ್ಲಿ ರಿಲೇ ಪ್ರತ್ಯೇಕವಾಗಿದೆ. ಅದೇ ಆಕಾರದ ಶೆಲ್ಲಿ 1ಪಿಎಮ್‌ನಲ್ಲಿ ಹಾಗಿಲ್ಲ, ಅದರ ಔಟ್‌ಪುಟ್‌ನಿಂದ ಬರುವುದು ಅದಕ್ಕೆ ಕೊಟ್ಟ ಕರೆಂಟೇ. ಹೆಸರಿನಲ್ಲಿ ಎರಡಕ್ಷರ ಜಾಸ್ತಿ, ಕೊಳ್ಳುವಾಗ ಡಬ್ಬ ತಿರುಗಿಸಿ ಓದಿ. ಸ್ಮಾರ್ಟ್ ಪ್ಲಗ್‌ಗಳೂ ಈ ಕೆಲಸಕ್ಕೆ ಬರುವುದಿಲ್ಲ.

ಇನ್ನೊಂದು ಅಪಾಯ ಸ್ವಿಚ್ ಟರ್ಮಿನಲ್‌ನಲ್ಲಿದೆ. ಇಂಥ ರಿಲೇಗೆ ಮೇನ್ಸ್ ಕರೆಂಟ್ ಕೊಟ್ಟರೆ ಅದರ ಸ್ವಿಚ್ ಇನ್‌ಪುಟ್ ಕೂಡ ಮೇನ್ಸ್ ವೋಲ್ಟೇಜ್‌ನಲ್ಲೇ ಇರುತ್ತದೆ. ರೀಡ್ ಸ್ವಿಚ್‌ನ ತೆಳು ವೈರ್ ಅಲ್ಲಿಗೆ ಸೇರಿಸಿದರೆ ಬಾಗಿಲಿನ ಅಂಚಿನವರೆಗೂ ಶಾಕ್ ಹೊಡೆಯುವ ವೈರ್ ಎಳೆದಂತೆ. ಆದ್ದರಿಂದ 12 ವೋಲ್ಟ್ ಡಿಸಿ ಅಡಾಪ್ಟರ್‌ನಿಂದಲೇ ರಿಲೇ ನಡೆಸಿ. ಓಪನರ್‌ಗೆ ಚಾವಣಿಯಲ್ಲಿ ಸಾಕೆಟ್ ಇದ್ದೇ ಇರುತ್ತದೆ, ಅಲ್ಲೇ ಅಡಾಪ್ಟರ್ ಹಾಕಿದರಾಯಿತು. ಡಿಸಿ ವೈರ್ ಯಾವುದು ಎಲ್ಲಿಗೆ ಎಂಬುದು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ, ಜೊತೆಗೆ ಬಂದ ಚಿತ್ರವನ್ನೇ ನಂಬಿ.

ಈಗ ಜೋಡಣೆ:

1. ಓಪನರ್‌ನ ಪ್ಲಗ್ ಕಿತ್ತುಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು.
2. ರಿಲೇಯ ‘ಕಾಮನ್’ ಟರ್ಮಿನಲ್‌ನಿಂದ ಒಂದು ವೈರ್, ‘ನಾರ್ಮಲಿ ಓಪನ್’ ಟರ್ಮಿನಲ್‌ನಿಂದ ಇನ್ನೊಂದು ವೈರ್ ತನ್ನಿ.
3. ಅವೆರಡನ್ನೂ ಓಪನರ್‌ನ ಗೋಡೆ ಬಟನ್ ಟರ್ಮಿನಲ್‌ಗಳಿಗೇ, ಹಳೇ ವೈರ್ ತೆಗೆಯದೆ ಪಕ್ಕದಲ್ಲಿ ಸೇರಿಸಿ. ಗೋಡೆಯ ಬಟನ್ ಎಂದಿನಂತೆ ನಡೆಯುತ್ತಿರಬೇಕು.
4. ರೀಡ್ ಸ್ವಿಚ್‌ನ ವೈರ್‌ಗಳನ್ನು ಸೆನ್ಸರ್ ಇನ್‌ಪುಟ್‌ಗೆ ಸೇರಿಸಿ.
5. ಎಲ್ಲವನ್ನೂ ಪ್ಲಾಸ್ಟಿಕ್ ಡಬ್ಬದೊಳಗೆ ಕೂರಿಸಿ. ಲೋಹದ ಡಬ್ಬ ವೈಫೈ ನುಂಗಿಹಾಕುತ್ತದೆ. ವೈರ್‌ಗಳು ಸರಪಳಿ ಅಥವಾ ಬೆಲ್ಟ್ ಹತ್ತಿರ ನೇತಾಡದಂತೆ ಕಟ್ಟಿ.

ಓಪನರ್‌ನ ಪ್ಲಗ್ ಹಾಕುವ ಮೊದಲು ರಿಲೇಯ ಸಾಫ್ಟ್‌ವೇರ್‌ನಲ್ಲಿ ಮೂರು ಹೊಂದಾಣಿಕೆ ಮಾಡಿ. ಆನ್ ಆದ ಅರ್ಧ ಸೆಕೆಂಡಿಗೆ ರಿಲೇ ತಾನಾಗಿ ಆಫ್ ಆಗಬೇಕು. ಒತ್ತಿ ಹಿಡಿದೇ ಇದ್ದರೆ ಓಪನರ್ ಗಲಿಬಿಲಿಗೊಳ್ಳುತ್ತದೆ, ರಿಮೋಟ್‌ಗೂ ಓಗೊಡದೆ ಇರಬಹುದು. ಎರಡನೆಯದು, ಕರೆಂಟ್ ಹೋಗಿ ಬಂದಾಗ ರಿಲೇ ‘ಯಾವಾಗಲೂ ಆಫ್’ ಎಂದಿರಬೇಕು. ‘ಹಿಂದಿನ ಸ್ಥಿತಿ’ ಎಂಬ ಆಯ್ಕೆ ಬೇಡ. ಮೂರನೆಯದನ್ನು ಮರೆಯುವವರು ಜಾಸ್ತಿ: ಸೆನ್ಸರ್ ಇನ್‌ಪುಟ್ ಅನ್ನು ರಿಲೇಯಿಂದ ಬೇರ್ಪಡಿಸುವ ‘ಡಿಟ್ಯಾಚ್ಡ್’ ಮೋಡ್. ಇಲ್ಲದಿದ್ದರೆ ಬಾಗಿಲು ಮುಚ್ಚಿದ ಕೂಡಲೇ ರೀಡ್ ಸ್ವಿಚ್ ಕೂಡುತ್ತದೆ, ರಿಲೇ ಅದನ್ನು ಗೋಡೆಯ ಸ್ವಿಚ್ ಒತ್ತಿದರೆಂದು ತಿಳಿದು ಓಪನರ್‌ಗೆ ಆಜ್ಞೆ ಕೊಡುತ್ತದೆ, ಬಾಗಿಲು ವಾಪಸ್ ತೆರೆಯುತ್ತದೆ. ನೋಡುವವರಿಗೆ ದೆವ್ವ ಹಿಡಿದ ಬಾಗಿಲು.

ಇಎಸ್‌ಪಿ ಬೋರ್ಡ್ ಬಳಸುವವರು ಪಿನ್ ಆರಿಸುವಾಗ ಹುಷಾರು. ಕರೆಂಟ್ ಬಂದು ಬೋರ್ಡ್ ಏಳುವ ಹೊತ್ತಿನಲ್ಲಿ ಕೆಲವು ಪಿನ್‌ಗಳು ಒಂದು ಕ್ಷಣ ಮೇಲೆ ಕೆಳಗೆ ಆಗುತ್ತವೆ. ರಿಲೇಗೆ ಅಷ್ಟೇ ಸಾಕು. ಮಧ್ಯರಾತ್ರಿ ಕರೆಂಟ್ ಹೋಗಿ ಬಂತು, ಗ್ಯಾರೇಜ್ ತೆರೆಯಿತು! ಇಎಸ್‌ಪಿ8266ರಲ್ಲಿ 4 ಮತ್ತು 5ನೇ ಜಿಪಿಐಒ (ಸಿಗ್ನಲ್ ಕೊಡುವ, ಓದುವ) ಪಿನ್‌ಗಳು ಈ ವಿಷಯದಲ್ಲಿ ಸಾಧು. ಇಎಸ್‌ಪಿ32ರಲ್ಲಿ 34ರಿಂದ 39ರವರೆಗಿನವು ಬರೀ ಇನ್‌ಪುಟ್, ಒಳಗಿನ ಪುಲ್-ಅಪ್ (ಸ್ವಿಚ್ ಬಿಟ್ಟಾಗ ಪಿನ್ ಅನ್ನು ‘ಹೈ’ನಲ್ಲಿಡುವ ರೆಸಿಸ್ಟರ್) ಇಲ್ಲ. ರೀಡ್ ಸ್ವಿಚ್ ಅನ್ನು ಅಲ್ಲಿ ಹಾಕಿದರೆ ಹೊರಗೊಂದು ರೆಸಿಸ್ಟರ್ ಬೇಕಾಗುತ್ತದೆ. ರಿಲೇ ಮಾಡ್ಯೂಲ್ ಕೂಡ ‘ಹೈ’ ಸಿಗ್ನಲ್‌ಗೆ ಆನ್ ಆಗುವುದನ್ನೇ ತಗೊಳ್ಳಿ. ಯಾವ ಪಿನ್ ಆದರೂ, ಓಪನರ್‌ಗೆ ಸೇರಿಸುವ ಮೊದಲು ಬೋರ್ಡ್‌ನ ಪ್ಲಗ್ ಹತ್ತಾರು ಸಲ ಕಿತ್ತು ಹಾಕಿ, ರಿಲೇ ಒಮ್ಮೆಯೂ ‘ಟಕ್’ ಎನ್ನದೆ ಇರುವುದನ್ನು ಕಿವಿಯಾರೆ ಕೇಳಿ.

ಹಂತ 6: ಗುಂಡಿಯನ್ನು ಬಾಗಿಲಾಗಿಸುವುದು

ಈಗ ನಿಮ್ಮ ಹತ್ತಿರ ಒಂದು ಸ್ವಿಚ್, ಒಂದು ಸೆನ್ಸರ್ ಇವೆ. ಎರಡನ್ನೂ ಸೇರಿಸಿ ‘ಬಾಗಿಲು’ ಮಾಡಬೇಕು. ಹೋಮ್ ಅಸಿಸ್ಟೆಂಟ್‌ನಲ್ಲಿ ಇದಕ್ಕೆ ‘ಕವರ್’ ಎಂಬ ಬಗೆ ಇದೆ. ಟೆಂಪ್ಲೇಟ್ ಕವರ್ (ಅದರ ನಿಯಮಗಳನ್ನು ನೀವೇ ಬರೆಯುವಂಥದ್ದು) ಒಂದನ್ನು ಮಾಡಿ, ಅದರ ವರ್ಗ ‘ಗ್ಯಾರೇಜ್’ ಎಂದು ಕೊಡಿ. ಸ್ಥಿತಿಯನ್ನು ಸೆನ್ಸರ್‌ನಿಂದ ಓದಲಿ. ‘ತೆರೆ’ ಆಜ್ಞೆ ಬಂದರೆ ಮೊದಲು ಸೆನ್ಸರ್ ಕೇಳಲಿ: ಮುಚ್ಚಿದೆ ಎಂದರೆ ಮಾತ್ರ ರಿಲೇ ಒತ್ತಲಿ. ‘ಮುಚ್ಚು’ ಬಂದರೆ, ಮುಚ್ಚಿಲ್ಲ ಎಂದಾಗ ಮಾತ್ರ ಒತ್ತಲಿ. ಸೆನ್ಸರ್ ಸಂಪರ್ಕದಲ್ಲೇ ಇಲ್ಲದಿದ್ದರೆ ಎರಡನ್ನೂ ಮಾಡದೆ ಸುಮ್ಮನಿರಲಿ.

ನಡುವೆ ನಿಂತ ಬಾಗಿಲಿನದು ತಲೆನೋವು. ಮುಂದಿನ ಒತ್ತು ಅದನ್ನು ಮೇಲೆ ಒಯ್ಯುತ್ತದೋ ಕೆಳಗೆ ಒಯ್ಯುತ್ತದೋ ಸೆನ್ಸರ್‌ಗೂ ಗೊತ್ತಿಲ್ಲ. ಅದಕ್ಕೆ ಮುಚ್ಚುವ ಕ್ರಮವನ್ನು ಹೀಗೆ ಬರೆಯಿರಿ: ಒಮ್ಮೆ ಒತ್ತು, ಬಾಗಿಲು ಪೂರ್ತಿ ಇಳಿಯುವಷ್ಟು ಹೊತ್ತು ಕಾಯಿ, ಸೆನ್ಸರ್ ನೋಡು. ಇನ್ನೂ ಮುಚ್ಚಿರದಿದ್ದರೆ ಇನ್ನೊಮ್ಮೆ ಮಾತ್ರ ಒತ್ತು, ಮತ್ತೆ ಕಾಯಿ. ಆಗಲೂ ಆಗದಿದ್ದರೆ ಕೈಬಿಟ್ಟು ಫೋನಿಗೆ ಸುದ್ದಿ ಕಳಿಸು. ಮೂರನೇ ಸಲ ಒತ್ತಬಾರದು. ಎರಡು ಸಲ ಮುಚ್ಚಲು ಆಗಿಲ್ಲವೆಂದರೆ ಅಡ್ಡ ಏನೋ ಇದೆ, ಅದನ್ನು ಮನುಷ್ಯರೇ ನೋಡಬೇಕು.

ಎಷ್ಟು ಹೊತ್ತು ಕಾಯಬೇಕು? ಸೆಕೆಂಡಿಗೆ 7 ಇಂಚಿನಂತೆ ಓಡುವ ಓಪನರ್‌ಗೆ 7 ಅಡಿ ಬಾಗಿಲು ದಾಟಲು 12 ಸೆಕೆಂಡ್ ಬೇಕು. ನಿಮ್ಮ ಬಾಗಿಲಿನದನ್ನು ಗಡಿಯಾರ ಹಿಡಿದು ಅಳೆದು, ಐದಾರು ಸೆಕೆಂಡ್ ಸೇರಿಸಿ ಇಡಿ.

ಕೊನೆಗೆ ಹಳೇ ‘ಸ್ವಿಚ್’ ಅನ್ನು ಡ್ಯಾಶ್‌ಬೋರ್ಡ್‌ನಿಂದಲೂ ಧ್ವನಿ ಸಹಾಯಕರಿಂದಲೂ ಅಡಗಿಸಿ. ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ‘ಎಲ್ಲ ಸ್ವಿಚ್ ಆನ್ ಮಾಡು’ ಎಂದು ಯಾರೋ ಹೇಳಿದಾಗ ಗ್ಯಾರೇಜ್ ತೆರೆದುಕೊಳ್ಳುವುದು ಹೀಗೆಯೇ. ಬಾಗಿಲು ‘ಗ್ಯಾರೇಜ್’ ಎಂದೇ ಗುರುತಾದರೆ ಅಲೆಕ್ಸಾ, ಗೂಗಲ್ ಅಸಿಸ್ಟೆಂಟ್‌ಗಳು ತೆರೆಯುವ ಮೊದಲು ಗುಪ್ತ ಪಿನ್ ಸಂಖ್ಯೆ ಕೇಳುತ್ತವೆ. ಆ ಪಿನ್ ಅನ್ನು ಕಿರಿಕಿರಿಯೆಂದು ತಪ್ಪಿಸಿಕೊಳ್ಳಲು ಬಾಗಿಲನ್ನು ‘ದೀಪ’ ಎಂದು ತೋರಿಸುವ ಉಪಾಯಗಳು ಓಡಾಡುತ್ತವೆ. ಮಾಡಬೇಡಿ. ಕಿಟಕಿಯಾಚೆಯಿಂದ ಕೂಗಿದವರಿಗೂ ಬಾಗಿಲು ತೆರೆದೀತು.

ಹಂತ 7: ಯಾವ ಆಟೊಮೇಷನ್ ಬೇಕು, ಯಾವುದು ಬೇಡ

ಬೇಕಾದವು ಸುಲಭ. ಹತ್ತು ನಿಮಿಷಕ್ಕಿಂತ ಹೆಚ್ಚು ತೆರೆದಿದ್ದರೆ ಫೋನಿಗೆ ಸುದ್ದಿ, ಅದರಲ್ಲೇ ‘ಮುಚ್ಚು’ ಮತ್ತು ‘ಇನ್ನರ್ಧ ಗಂಟೆ ಬಿಡು’ ಎಂಬ ಎರಡು ಗುಂಡಿ. ರಾತ್ರಿ ಮಲಗುವ ಹೊತ್ತಿಗೆ ತೆರೆದೇ ಇದ್ದರೆ ಮಲಗುವ ಕೋಣೆಯ ದೀಪ ಕೆಂಪಾಗಲಿ. ಬಾಗಿಲು ತೆರೆದರೆ ಕತ್ತಲಲ್ಲಿ ಓಣಿಯ ದೀಪ ಹತ್ತಲಿ.

ತಾನಾಗಿ ಮುಚ್ಚುವುದಕ್ಕೆ ಮೊದಲು ಸದ್ದು ಮತ್ತು ಮಿನುಗುವ ಬೆಳಕು ಇರಲೇಬೇಕು. ಅಮೆರಿಕದ ಯುಎಲ್ 325 ಮಾನದಂಡ ಇದನ್ನೇ ಕೇಳುತ್ತದೆ: ಯಾರೂ ಎದುರಿಗಿಲ್ಲದೆ ಬಾಗಿಲು ಮುಚ್ಚುವುದಾದರೆ ಅದು ಅಲುಗುವ ಮೊದಲು ಕನಿಷ್ಠ 5 ಸೆಕೆಂಡ್ ಸದ್ದು, ಬೆಳಕು ಎರಡೂ ಬರಬೇಕು. ಒಂದು ಚಿಕ್ಕ ಬಜರ್ ಮತ್ತು ಗ್ಯಾರೇಜ್ ದೀಪವನ್ನು ಇದಕ್ಕೆ ಬಳಸಬಹುದು. ಮುಚ್ಚುವ ಕ್ರಮದ ಮೊದಲ ಸಾಲಿನಲ್ಲೇ ಇದನ್ನು ಸೇರಿಸಿಬಿಡಿ, ಯಾರು ಎಲ್ಲಿಂದ ಮುಚ್ಚಿದರೂ ಎಚ್ಚರಿಕೆ ಬರಲಿ.

ಮನೆ ಹತ್ತಿರ ಬಂದಾಗ ತಾನಾಗಿ ತೆರೆಯುವುದನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ಫೋನಿನ ಜಿಪಿಎಸ್ ಕೂತಲ್ಲೇ ಒಮ್ಮೊಮ್ಮೆ ನೆಗೆಯುತ್ತದೆ. ಮನೆಯಲ್ಲೇ ಮಲಗಿರುವ ಫೋನ್ ‘ಹೊರಗೆ ಹೋಗಿ ಬಂದೆ’ ಎಂದು ವರದಿ ಮಾಡಿದರೆ ಬಾಗಿಲು ತೆರೆದುಕೊಳ್ಳುತ್ತದೆ. ಅಷ್ಟು ಬೇಕೇ ಬೇಕೆಂದರೆ, ಹತ್ತಿರ ಬಂದಾಗ ‘ತೆರೆಯಲೇ?’ ಎಂಬ ಸುದ್ದಿ ಬರುವಂತೆ ಮಾಡಿ, ತೆರೆಯುವ ಗುಂಡಿ ನಿಮ್ಮ ಕೈಯಲ್ಲಿರಲಿ.

ಹೊರಗಿನವರು ಬಾರದಂತೆ

2023ರ ಏಪ್ರಿಲ್‌ನಲ್ಲಿ ನೆಕ್ಸ್ ಕಂಪನಿಯ ಗ್ಯಾರೇಜ್ ಕಂಟ್ರೋಲರ್‌ಗಳ ಬಗ್ಗೆ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಎಚ್ಚರಿಕೆ ಹೊರಡಿಸಿತು. ಸರ್ವರ್‌ಗೆ ಹೋಗಲು ಎಲ್ಲ ಸಾಧನಗಳಿಗೂ ಒಂದೇ ಪಾಸ್‌ವರ್ಡ್ ಬಳಸಿದ್ದೇ ತೊಂದರೆ. ಅದು ಸಿಕ್ಕಿದವರು ಎಲ್ಲಿ ಕೂತರೂ ಬೇರೆಯವರ ಬಾಗಿಲು ತೆರೆಯಬಹುದಿತ್ತು. ನಿಮ್ಮ ಜೋಡಣೆ ಮನೆಯೊಳಗೇ ಇದ್ದರೆ ಈ ಬಗೆಯ ಚಿಂತೆ ಕಡಿಮೆ. ಆದರೂ ಇಂಥ ಸಾಧನಗಳಿಗೆ ಬೇರೆ ವೈಫೈ ಹೆಸರು ಕೊಡಿ. ರಿಲೇಯ ವೆಬ್ ಪುಟಕ್ಕೆ ಪಾಸ್‌ವರ್ಡ್ ಹಾಕಿ. ಹೊರಗಿನಿಂದ ನೋಡಬೇಕೆಂದು ರೌಟರ್‌ನಲ್ಲಿ ಪೋರ್ಟ್ ತೆರೆಯಬೇಡಿ, ವಿಪಿಎನ್ (ಮನೆಯ ನೆಟ್‌ವರ್ಕ್‌ಗೆ ಬರುವ ಸುರಕ್ಷಿತ ದಾರಿ) ಮೂಲಕ ಬನ್ನಿ. ಝಡ್-ವೇವ್ ಆದರೆ ‘ಸುರಕ್ಷಿತ’ ಜೋಡಣೆಯಲ್ಲೇ ಸೇರಿಸಿ. ಇನ್ನೊಂದು ಮಾತು: ಗ್ಯಾರೇಜ್‌ನಿಂದ ಮನೆಯೊಳಗೆ ಬರುವ ಬಾಗಿಲಿಗೂ ಬೀಗ ಇರಲಿ. ಎಷ್ಟೋ ಮನೆಗಳಲ್ಲಿ ಅದು ಸದಾ ತೆರೆದೇ ಇರುತ್ತದೆ.

ಸರಿಹೋಗದಿದ್ದರೆ

ಸಾಧನ ಆಗಾಗ ಸಂಪರ್ಕ ಕಳೆದುಕೊಂಡರೆ ವೈಫೈ ಬಲ ನೋಡಿ. ಅದನ್ನು ಡಿಬಿಎಮ್ ಎಂಬ ಅಳತೆಯಲ್ಲಿ ತೋರಿಸುತ್ತಾರೆ: ಮೈನಸ್ 67ರ ಆಸುಪಾಸು ಇದ್ದರೆ ಚೆನ್ನ, ಮೈನಸ್ 80 ಹತ್ತಿರ ಬಂದರೆ ಕಷ್ಟ. ಉಕ್ಕಿನ ಬಾಗಿಲು ತೆರೆದಾಗ ಅದು ಚಾವಣಿಯಡಿ ಮಲಗಿ ಸಿಗ್ನಲ್‌ಗೆ ಅಡ್ಡ ಬರುತ್ತದೆ, ಆದ್ದರಿಂದ ಬಾಗಿಲು ತೆರೆದಾಗಲೂ ಮುಚ್ಚಿದಾಗಲೂ ಅಳೆಯಿರಿ. ಈ ಸಾಧನಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತವೆ ಎನ್ನುವುದೂ ನೆನಪಿರಲಿ.

ಆಟೊಮೇಷನ್ ಹಾಕಿದ ಮೇಲೆ ರಿಮೋಟ್ ದೂರದಿಂದ ಕೆಲಸ ಮಾಡುತ್ತಿಲ್ಲ ಎಂದರೆ ಓಪನರ್ ಪಕ್ಕದ ಹೊಸ ಅಡಾಪ್ಟರ್ ಅಥವಾ ಎಲ್‌ಇಡಿ ಬಲ್ಬ್ ಮೇಲೆ ಅನುಮಾನಪಡಿ. ಕೆಲವು ಅಗ್ಗದ ಎಲ್‌ಇಡಿಗಳು ರೇಡಿಯೊ ಗದ್ದಲ ಎಬ್ಬಿಸುತ್ತವೆ. ಬಲ್ಬ್ ತೆಗೆದು ನೋಡಿದರೆ ಗೊತ್ತಾಗುತ್ತದೆ.

ಗೋಡೆಯ ಬಟನ್ ಕೆಲಸ ಮಾಡುತ್ತದೆ, ರಿಲೇ ‘ಟಕ್’ ಎನ್ನುತ್ತದೆ, ಬಾಗಿಲು ಮಾತ್ರ ಕದಲುವುದಿಲ್ಲ ಎಂದರೆ ಒತ್ತುವ ಹೊತ್ತನ್ನು ಅರ್ಧ ಸೆಕೆಂಡಿನಿಂದ ಒಂದು ಸೆಕೆಂಡಿಗೆ ಏರಿಸಿ. ಆಗಲೂ ಇಲ್ಲವೆಂದರೆ ರಿಲೇ ವೈರ್ ಎರಡನ್ನೂ ಬಿಚ್ಚಿ ಮಲ್ಟಿಮೀಟರ್‌ಗೆ ಹಾಕಿ ಬೀಪ್ ಕೇಳಿ. ಬೀಪ್ ಬಂದರೆ ರಿಲೇ ಸರಿಯಾಗಿದೆ, ನಿಮ್ಮ ಓಪನರ್ ಡಿಜಿಟಲ್ ಭಾಷೆಯದು, ಎರಡನೇ ಹಂತಕ್ಕೆ ವಾಪಸ್ ಹೋಗಿ. ಬಾಗಿಲು ಇಳಿಯಲು ಶುರುವಾಗಿ ತಿರುಗಿ ಮೇಲೆ ಹೋದರೆ ರಿಲೇಯ ತಪ್ಪಲ್ಲ. ಫೋಟೊ ಐ ಕಣ್ಣಿನ ಮೇಲೆ ಜೇಡರ ಬಲೆ ಕಟ್ಟಿರಬಹುದು, ಬಟ್ಟೆಯಲ್ಲಿ ಒರೆಸಿ.